ಕಾಕಾ ತಂದ ಕೆರೆನೀರು

ಇಡೀ ನಿಜಾಮ ರಾಜ್ಯದಲ್ಲಿ ಕೆರೆನೀರಿಗೆ ಸುಂಕ ಕೇಳಿಸಿಕೊಂಡ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಕಾಕಾ!

ಕಲಬುರಗಿಯಲ್ಲಿ ಅವರದೊಂದು ಕಿರಾಣಿ ಅಂಗಡಿ. ಊರು ಬಿಟ್ಟು ಹೊರಟ ಡಾಕ್ಟರೊಬ್ಬರಿಂದ ಹಿತ್ತಾಳೆಯ ಸೂಕ್ಷ್ಮದರ್ಶಕ ಕೊಂಡದ್ದೇ ಕೊಂಡದ್ದು, ಬಾಳೆಹಣ್ಣು ತರಲು ಕಮಲಾಪುರಕ್ಕೆ ಹೋದವರು ಹಣ್ಣು ಮರೆತು, ಪಾಚಿಗಟ್ಟಿದ ಕೆರೆನೀರನ್ನು ಸೀಸೆಯಲ್ಲಿ ತುಂಬಿಕೊಂಡು ಬರತೊಡಗಿದರು. ಹೆಂಡತಿ, ಅಂದರೆ ನಮ್ಮ ಕಾಕು, ಒಂದು ಸಲವಾದರೂ ಆ ಸೂಕ್ಷ್ಮದರ್ಶಕದಲ್ಲಿ ಇಣುಕಿ ನೋಡಲಿ ಎಂಬುದು ಅವರ ಹಠ. ತಮ್ಮ ಎಳೆಗೂಸು ತೀರಿಕೊಂಡ ಮೇಲೆ ಕಾಕು ಅಡುಗೆಮನೆ ಬಿಟ್ಟು ಈಚೆ ಬರುವುದೇ ನಿಂತುಹೋಗಿತ್ತು.

ಒಮ್ಮೆ ಸುಂಕದ ನಾಕಾದಲ್ಲಿ ಜವಾನ ಗಾಡಿ ತಡೆದ.

“ಸಾವ್ಕಾರ್ರ, ಸೀಸೆದಾಗ ಏನದರಿ?”

“ಜೀವ ಅವಪ್ಪಾ! ಹನಿಗೊಂದು ಹಿಂಡು!”

“ಹಿಂಡು ಅಂದ್ರ ತಲಿಗಿಷ್ಟು ಮಹಸೂಲ್ ಅದ. ಎಣಿಸ್ರಿ ಮತ್ತ.”

“ಎಣಿಸಾಕ ಅವು ಒಂದ್ಕಡಿ ನಿಲ್ಲಬೇಕಲ್ಲೋ!” ಎಂದು ಕಾಕಾ ಸೀಸೆಯನ್ನು ಬಿಸಿಲಿಗೆ ಹಿಡಿದು ವಿವರಿಸಲು ಶುರು ಮಾಡಿದರು. ಜವಾನ ಕೈಮುಗಿದು ಗಾಡಿ ಬಿಟ್ಟ.

ಗಾಜಿಪುರ ಓಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಅಬ್ಬಾ! ಚಪ್ಪಲಿಯ ಅಟ್ಟೆಯಂಥದೊಂದು ಜೀವಿ, ಮೈತುಂಬ ನವಿರು ರೋಮ ಬಡಿಯುತ್ತ, ಹೊರಳುತ್ತ ಈಜುತ್ತಿತ್ತು. ಕೈಯಿಲ್ಲ, ಕಾಲಿಲ್ಲ, ಇಡೀ ಮೈ ಒಂದೇ ಜೀವಕೋಶ! ಆದರೂ ಉಣ್ಣುತ್ತದೆ. ಒಳನುಗ್ಗಿದ ನೀರನ್ನು ಪುಟ್ಟ ಗುಳ್ಳೆಯೊಂದು ಹಿಗ್ಗಿ ಕುಗ್ಗಿ ಹೊರಚೆಲ್ಲುತ್ತದೆ. ಏನಾದರೂ ತಾಗಿದರೆ ಹಿಂದೆ ಸರಿದು ಬೇರೆ ದಾರಿ ಹಿಡಿಯುತ್ತದೆ. ಇಷ್ಟು ಕೆಲಸಕ್ಕೆ ನಮ್ಮಲ್ಲಿ ಮನೆತುಂಬ ಜನ ಬೇಕು! ಯಾರೂ ತಿರುಗಿ ನೋಡದ ಪಾಚಿಯ ಕೆರೆಯಲ್ಲಿ ಇಷ್ಟೆಲ್ಲ ನಡೆದಿತ್ತೇ? ನನಗೆ ಮೈ ಜುಮ್ಮೆಂದಿತು.

“ನಾ ನೋಡಂಗಿಲ್ಲರಿ,” ಎಂದರು ಕಾಕು ಒಳಗಿನಿಂದಲೇ. “ನಮ್ಮನಿ ನೀರಾಗ ಅಂಥವೇನೂ ಇಲ್ಲ. ನಾಕ ಪದರ ಅರಿವಿಲೆ ಸೋಸೇನಿ!”

ಕಾಕಾ ಆ ಸೋಸಿದ ನೀರಿನ ಹನಿಯನ್ನೇ ಗಾಜಿನ ಮೇಲಿಟ್ಟರು. ಅದರಲ್ಲೂ ಒಂದು! ತಮ್ಮ ಅರಿವೆಯ ಮಾನ ಹೋಯಿತೆಂದು ಕಾಕು ಸಿಟ್ಟಿನಿಂದ ಹೊರಬಂದು ಕಣ್ಣಿಟ್ಟರು. ಇನ್ನಷ್ಟು ಬಾಗಿ ನೋಡಿದರು.

“ಇದರ ನಡು ಸಣ್ಣಗಾಗಾಕತ್ತದಲ್ರಿ... ಹರೀತದೇನು?”

“ಹರಿಯೂದಲ್ಲ. ಒಂದಿದ್ದದ್ದು ಎರಡಾಗ್ತದ.”

ಕಾಕು ಕಣ್ಣು ತೆಗೆಯಲಿಲ್ಲ. ಹನಿ ಆರದಂತೆ ಕಾಕಾ ಆಗಾಗ ನೀರು ಸೇರಿಸುತ್ತಿದ್ದರು. ಒಲೆಯ ಮೇಲೆ ಬೇಳೆ ಸೀದಿತು, ಯಾರೂ ಏಳಲಿಲ್ಲ.

“ಎರಡರಾಗ ತಾಯಿ ಯಾವಾಕಿ?”

“ತಾಯಿ ಅಂತ ಬ್ಯಾರೆ ಉಳಿಯಂಗಿಲ್ಲ. ತಾಯಿನೇ ಎರಡು ಕೂಸಾಗ್ಯಾಳ.”

“ಚಲೋ ಆತು,” ಎಂದರು ಕಾಕು ಮೆಲ್ಲಗೆ. “ಕೂಸಿನ ಹಿಂದ ತಾಯಿ ಒಬ್ಬಾಕಿನೇ ಉಳಿಯೂದಿಲ್ಲ.”

ಕೂಸು ಹೋದಂದಿನಿಂದ ಅಳದಿದ್ದ ಕಾಕು ಅಂದು ಅತ್ತರು. ಕಾಕಾ ನಮ್ಮೆಲ್ಲರ ಎದುರಿಗೇ ಅವರ ಕೈ ಹಿಡಿದುಕೊಂಡು ಕೂತರು.