ಹಬ್ಬಕ್ಕೊಂದು ಸ್ವಂತ ಗಾಡಿ

ರಂಜಾನ್ ತಿಂಗಳ ಭಾನುವಾರ ಬೆಳಿಗ್ಗೆ ತ್ರಿಯೋನೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡದ್ದೇ ತಪ್ಪಾಯಿತು. ಉಪವಾಸದ ಭಾನುವಾರ ಜಕಾರ್ತಾ ಪಕ್ಕದ ಬೆಕಾಸಿಯ ಆ ಗಲ್ಲಿಯಲ್ಲಿ ಗಂಡಸರು ಲುಂಗಿ ಸುತ್ತಿಕೊಂಡು ಸೂರ್ಯ ಮುಳುಗುವುದನ್ನೇ ಕಾಯುತ್ತ ಬಿದ್ದಿರುತ್ತಾರೆ. ಇಸ್ತ್ರಿ ಅಂಗಿ ಎಂದರೆ ಒಂದೋ ಮದುವೆ, ಇಲ್ಲವೇ ಸಾವು. ಎರಡೂ ಅಲ್ಲದಿದ್ದರೆ ಗಲ್ಲಿಗೆ ತಿಳಿಸದೆ ಏನೋ ನಡೆಯುತ್ತಿದೆ ಎಂದು ಅರ್ಥ.

ಎದುರುಮನೆಯ ಮುರ್ನಿಯಮ್ಮ, ಗಲ್ಲಿಯವರ ಬಾಯಲ್ಲಿ ಬು ಮುರ್ನಿ, ಕಾಂಪೌಂಡಿನ ಮೇಲಿಂದ ಇಣುಕಿ ಎಲ್ಲಿಗೆ ಎಂದು ಕೇಳಿದರು. ಸುಮ್ಮನೆ ಹೀಗೇ ಎಂದ ತ್ರಿಯೋನೊ. ಬಾಯಿಯಲ್ಲಿ ಉಪವಾಸ ಇಟ್ಟುಕೊಂಡು ಸುಳ್ಳಾಡಿದರೆ ದಿನದ ಪುಣ್ಯವೆಲ್ಲ ನೀರಲ್ಲಿ ಹೋಮ ಎಂದು ಆಕೆ ನೆನಪಿಸಿದರು. ಪಾಪಭೀರು ತ್ರಿಯೋನೊ ಬಾಯಿಬಿಟ್ಟ: ಏಳು ಸೀಟಿನ ಗಾಡಿ ನೋಡುವುದಕ್ಕೆ, ಹಳೆಯದು, ನಮ್ಮ ಕೈಗೆ ಎಟುಕುವಂಥದ್ದು. ಮಾತು ಮುಗಿಯುವ ಮೊದಲೇ ಬು ಮುರ್ನಿ ಚಪ್ಪಲಿ ಮೆಟ್ಟಿಕೊಂಡಿದ್ದರು. ಗಲ್ಲಿಯ ಮುಖ್ಯಸ್ಥ ರುಸ್ದಿಯವರೂ ಟೋಪಿ ಸರಿಮಾಡಿಕೊಂಡು ಹೊರಬಂದರು. ರುಸ್ದಿಯವರು ನಿವೃತ್ತ ರೈಲ್ವೆ ಗಾರ್ಡು. ಮೂವತ್ತು ವರ್ಷ ರೈಲಿನ ಹಿಂದಿನ ಡಬ್ಬಿಯಲ್ಲಿ ಕೂತವರಾದ್ದರಿಂದ ವಾಹನಗಳ ವಿಷಯದಲ್ಲಿ ತಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂಬುದು ಅವರ ನಂಬಿಕೆ.

"ಒಬ್ರೇ ಹೋದ್ರೆ ನಿಮ್ಮ ಮುಖ ನೋಡೇ ಟೋಪಿ ಹಾಕ್ತಾರೆ. ನಾನು ಬರ್ತೀನಿ, ನೀವು ಬಾಯಿ ಮುಚ್ಕೊಂಡಿರಿ, ಸಾಕು," ಎಂದರು ರುಸ್ದಿ.

ಬೇಡ ಎನ್ನಬಹುದಾಗಿತ್ತು. ಆದರೆ ತ್ರಿಯೋನೊ ಜಾವಾದವನು. ಬೇಡ ಎಂಬ ಮಾತನ್ನು ಅವನ ತಾಯಿ ಅವನಿಗೆ ಕಲಿಸಿರಲಿಲ್ಲ, ಅವಳಿಗೆ ಅವಳ ತಾಯಿ ಕಲಿಸಿರಲಿಲ್ಲ. ಟ್ಯಾಕ್ಸಿ ಕರೆದ. ಬಾಡಿಗೆ ಅವನದು, ಮುಂದಿನ ಸೀಟು ರುಸ್ದಿಯವರದು.

ಗಾಡಿಯ ಅಗತ್ಯ ಹುಟ್ಟಿದ್ದು ಷಡ್ಡಕನಿಂದ. ಹೆಂಡತಿ ನಿಂಗ್ಸಿಯ ಅಕ್ಕನ ಗಂಡ ಕುಂಚೊರೊ ಜಕಾರ್ತಾದಲ್ಲಿದ್ದಾನೆ. ಏನು ಕೆಲಸ ಎಂದು ಕೇಳಿದರೆ 'ಪ್ರಾಜೆಕ್ಟು' ಎನ್ನುತ್ತಾನೆ. ಪ್ರತಿ ವರ್ಷ ಉಪವಾಸ ಮುಗಿದು ಬರುವ ಲೆಬಾರಾನ್ ಹಬ್ಬಕ್ಕೆ ವೊನೊಗಿರಿಯ ಮಾವನ ಮನೆಯಂಗಳಕ್ಕೆ ಕರಿ ಬಣ್ಣದ ದೊಡ್ಡ ಎಸ್‌ಯುವಿಯಲ್ಲಿ ಬಂದಿಳಿಯುತ್ತಾನೆ. ಅದಾಗಿ ಅರ್ಧ ದಿನಕ್ಕೆ ತ್ರಿಯೋನೊನ ಸಂಸಾರ, ಮೂವರು ಮಕ್ಕಳು, ಮುದಿ ತಾಯಿ, ಎರಡು ರಟ್ಟಿನ ಪೆಟ್ಟಿಗೆ, ಬಸ್ಸಿಳಿದು ವಾಂತಿಯ ವಾಸನೆಯೊಂದಿಗೆ ನಡೆದು ಬರುತ್ತದೆ. ಹೋದ ವರ್ಷ ಕುಂಚೊರೊ ದೊಡ್ಡ ಮನಸ್ಸು ಮಾಡಿ ಮಕ್ಕಳನ್ನು ಬಾವಿಯವರೆಗೆ ಒಂದು ಸುತ್ತು ಹೊಡೆಸಿದ್ದ, ಹತ್ತುವ ಮೊದಲು ಚಪ್ಪಲಿ ಬಿಚ್ಚಿಸಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ನಿಂಗ್ಸಿ ಅದನ್ನು ನೋಡಿದಳು.  ಈ ವರ್ಷ ಉಪವಾಸ ಶುರುವಾದ ವಾರ ಅವಳು ಮದುವೆಯ ಬಳೆ ಬಿಚ್ಚಿ ಗಂಡನ ಕೈಗಿಟ್ಟಳು. ಒಂದೇ ಒಂದು ಹಬ್ಬಕ್ಕೆ ಅಮ್ಮನ ಅಂಗಳದಲ್ಲಿ ನಮ್ಮ ಗಾಡಿಯಿಂದ ಇಳಿಯಬೇಕು ಎಂದಳು. ಬಳೆ ಮಾರಿದ ದಿನ ತ್ರಿಯೋನೊನ ಎದೆಯಲ್ಲಿ ಕಲ್ಲು ಕೂತಿತ್ತು. ಆ ಕಲ್ಲನ್ನು ಇಳಿಸಲು ಇದ್ದದ್ದು ಈ ಒಂದು ಭಾನುವಾರ. ಮುಂದಿನ ವಾರ ಎಲ್ಲರೂ ಹಬ್ಬಕ್ಕೆ ಹುಟ್ಟೂರಿಗೆ ಹೊರಟು ಊರೇ ಖಾಲಿ.

ಮೊದಲ ಗಾಡಿ ಬೆಳ್ಳಿ ಬಣ್ಣದ್ದು, ಚೊಕ್ಕವಾಗಿತ್ತು. ಮಾರುವವರು ಗಂಡ ಹೆಂಡತಿ ಇಬ್ಬರೂ ಮೇಷ್ಟ್ರುಗಳು. ತ್ರಿಯೋನೊನಿಗೆ ಒಪ್ಪಿಗೆಯಾಯಿತು. ಬು ಮುರ್ನಿಗೆ ಆಗಲಿಲ್ಲ. ಆಕೆ ಬೆರಳು ಮಡಚಿ, ಜಾವಾದ ಹಳೆಯ ಪಂಚಾಂಗದಂತೆ, ತ್ರಿಯೋನೊ ಹುಟ್ಟಿದ ವಾರ, ಐದು ದಿನದ ಸಂತೆಸುತ್ತಿನಲ್ಲಿ ಅವನು ಹುಟ್ಟಿದ ದಿನ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರು. ಬೆಳ್ಳಿ ಬಣ್ಣ ಅವನಿಗೆ ಬೆಂಕಿಯಂತೆ, ಕರಿಯಾದರೆ ನೀರಂತೆ. ಉಪವಾಸದ ಗಂಟಲಿಗೆ ನೀರು ಎಂಬ ಮಾತು ಕೇಳಿದರೇ ಸಾಕು, ತ್ರಿಯೋನೊ ವಾದ ಮಾಡಲಿಲ್ಲ. ಅಷ್ಟರಲ್ಲಿ ರುಸ್ದಿಯವರು ಮೇಷ್ಟ್ರಿಗೆ, ನಿಮ್ಮ ಇಂಜಿನ್ನು ಕೆಮ್ಮುತ್ತದೆ ಎಂದಿದ್ದರು. ಕೆಮ್ಮಿದ್ದು ಒಳಗಿದ್ದ ಮೇಷ್ಟ್ರ ಅಪ್ಪ. ಅವರು ಹೊರಗೆ ಬಂದು ದುರುಗುಟ್ಟಿ ನೋಡಿ, ಮಗ ಸೊಸೆಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

ಎರಡನೆಯದು ಕರಿ ಬಣ್ಣದ್ದೇ, ಬೆಲೆ ನಂಬಲಾಗದಷ್ಟು ಅಗ್ಗ. ಮಾರುವವನು ಸಣ್ಣ ಮೀಸೆಯ ದಲ್ಲಾಳಿ. ರುಸ್ದಿಯವರು ಚಕ್ರಗಳಿಗೆ ಒಂದೊಂದಾಗಿ ಒದ್ದು, ತಲೆದೂಗಿ, ಗಾಡಿ ಗಟ್ಟಿಮುಟ್ಟು ಎಂದು ಸಾರಿದರು. ತ್ರಿಯೋನೊ ಮಾತ್ರ ಕಾಲಡಿಯ ಜಮಖಾನೆ ಎತ್ತಿ ನೋಡಿದ. ಅಡಿಯಲ್ಲಿ ಕೆಸರು ಗಟ್ಟಿಯಾಗಿತ್ತು, ಅದರಲ್ಲೊಂದು ಒಣಗಿದ ಮೀನುಮರಿ ಇತ್ತು. ಹೋದ ಪ್ರವಾಹದಲ್ಲಿ ಕಂಠಮಟ್ಟ ಮುಳುಗಿದ ಗಾಡಿ. ಹಿಂದಿನ ಮಾಲೀಕರು ಮೀನು ಹಿಡಿಯಲು ಹೋಗುತ್ತಿದ್ದರು ಎಂದ ದಲ್ಲಾಳಿ. ಅವನೂ ಉಪವಾಸವಿದ್ದನಂತೆ.

ಹೊರಡೋಣವೆಂದರೆ ಬು ಮುರ್ನಿ ಕಾಣಿಸಲಿಲ್ಲ. ಗಾಡಿಯ ತೀರ ಹಿಂದಿನ ಸಾಲಿನಿಂದ ಕ್ಷೀಣವಾದ ದನಿ ಬಂತು. ಹಬ್ಬ ಮುಗಿದ ಮೇಲೆ ತಮ್ಮ ತಂಗಿಯ ಮಗನ ಮದುವೆ ದಿಬ್ಬಣಕ್ಕೆ ಆ ಸೀಟು ಸಾಲುತ್ತದೆಯೇ ಎಂದು ಪರೀಕ್ಷಿಸಲು ಆಕೆ ನುಸುಳಿಕೊಂಡಿದ್ದರು. ಒಳಗೆ ಹೋದವರಿಗೆ ಹೊರಗೆ ಬರುವುದು ಗೊತ್ತಾಗಲಿಲ್ಲ. ಎಳೆದರು, ನೂಕಿದರು. ರುಸ್ದಿಯವರು ರೈಲ್ವೆ ಸೀಟಿ ಊದುವವರಂತೆ ನಿಂತು ಅಪ್ಪಣೆ ಕೊಟ್ಟರು. ಕೊನೆಗೆ ಮೆಕ್ಯಾನಿಕ್ ಬಂದು ನಡುವಿನ ಸೀಟನ್ನೇ ಬಿಚ್ಚಿದ ಮೇಲೆ ಬು ಮುರ್ನಿಗೆ ಬಿಡುಗಡೆಯಾಯಿತು. ಮೆಕ್ಯಾನಿಕ್‌ನ ಕೂಲಿಯನ್ನು ತ್ರಿಯೋನೊ ಕೊಟ್ಟ. ತಾನಿನ್ನೂ ಕೊಳ್ಳದ ಗಾಡಿ ಆಗಲೇ ದಿಬ್ಬಣಕ್ಕೆ ನಿಗದಿಯಾಗಿರುವುದು ಅವನಿಗೆ ಹೀಗೆ ತಿಳಿಯಿತು. ರುಸ್ದಿಯವರೂ ಆಗಲೇ ಹೇಳಿಬಿಟ್ಟರು, ಅವರ ಹೆಂಡತಿಯ ಮಂಡಿ ಚಿಕಿತ್ಸೆಗೆ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕು, ಸ್ವಲ್ಪ ಎತ್ತರ ಕಡಿಮೆಯಿರುವ ಗಾಡಿಯಾದರೆ ಒಳ್ಳೆಯದು ಎಂದು. ತ್ರಿಯೋನೊ ಸಿಟ್ಟನ್ನು ನುಂಗಿದ. ಉಪವಾಸದಲ್ಲಿ ನುಂಗಲು ಅಪ್ಪಣೆಯಿರುವುದು ಅದೊಂದೇ.

ಮೂರನೆಯ ವಿಳಾಸ ತಲುಪುವಾಗ ಬಿಸಿಲು ಓರೆಯಾಗಿತ್ತು. ಮೂವರ ನಾಲಿಗೆಯೂ ಒಣಗಿ ಅಂಗುಳಕ್ಕೆ ಅಂಟಿತ್ತು. ಹಾಜಿ ಮಸ್ರೂರ್ ಎಂಬ ವೃದ್ಧರು ಜಗಲಿಯಲ್ಲಿ ಜಪಮಣಿ ತಿರುಗಿಸುತ್ತ ಕೂತಿದ್ದರು. ಅಂಗಳದಲ್ಲಿ ಕರಿ ಎಸ್‌ಯುವಿ ಎಣ್ಣೆ ಹಚ್ಚಿದ ಕೋಣನ ಹಾಗೆ ಮಿನುಗುತ್ತಿತ್ತು. ತ್ರಿಯೋನೊ ನಿಂತಲ್ಲೇ ನಿಂತ. ಷಡ್ಡಕ ಬರುವುದು ಇಂಥದ್ದರಲ್ಲೇ. ಅದೇ ಎತ್ತರ, ಅದೇ ಗತ್ತು. ಜಾವಾದ ರಸ್ತೆಯಲ್ಲಿ ಇಂಥವು ಸಾವಿರ ಓಡಾಡುತ್ತವೆ ನಿಜ, ಆದರೆ ಒಂದೂ ಅವನದಾಗಿರಲಿಲ್ಲ. ಜಮಖಾನೆ ಎತ್ತಿ ನೋಡಿದ, ಒಣಗಿತ್ತು. ಇಂಜಿನ್ನು ಬೆಕ್ಕಿನಂತೆ ಗುರುಗುಟ್ಟಿತು. ಬು ಮುರ್ನಿ ಈ ಸಲ ಹೊರಗಿನಿಂದಲೇ ಒಪ್ಪಿದರು.

ಬೆಲೆ ಮಾತ್ರ ಬಳೆಗಳ ಲೆಕ್ಕ ಮೀರಿತ್ತು. ಹಬ್ಬದ ಮುಂಚೆ ಎಲ್ಲರಿಗೂ ಗಾಡಿ ಬೇಕು, ಅದಕ್ಕೇ ಈ ದರ ಎಂದರು ಹಾಜಿ, ಮುಚ್ಚುಮರೆಯಿಲ್ಲದೆ. ರುಸ್ದಿಯವರು ತೋಳು ಮಡಚಿದರು. ಇಬ್ಬರು ಮುದುಕರೂ ಜಗಲಿಯ ಆ ತುದಿಗೆ ಹೋಗಿ ಚೌಕಾಸಿಗೆ ಕೂತರು. ಈ ತುದಿಯಲ್ಲಿ ಹಾಜಿಯ ಸೊಸೆ ತ್ರಿಯೋನೊನ ಮುಂದೆ ಖರ್ಜೂರ, ಬಿಸಿ ಚಹಾ, ತೆಂಗಿನ ಹಾಲಿನಲ್ಲಿ ಬಾಳೆಹಣ್ಣು ಬೇಯಿಸಿದ ಕೋಲಕ್ ತಂದಿಟ್ಟಳು. ಉಪವಾಸ ಬಿಡುವ ಮಗ್ರಿಬ್ ಬಾಂಗಿಗೆ ಇನ್ನೇನು ಸ್ವಲ್ಪವೇ ಹೊತ್ತು. ಆ ಹೊತ್ತಿನಲ್ಲಿ ಕೋಲಕ್ ಬಟ್ಟಲ ಮುಂದೆ ಕೂತ ಉಪವಾಸಿಗೆ ಪಕ್ಕದಲ್ಲಿ ಅವನ ಮನೆಯನ್ನೇ ಹರಾಜು ಹಾಕಿದರೂ ಕೇಳಿಸುವುದಿಲ್ಲ. ಬೆಲೆ ಇಳಿಯಿತು ಎಂಬುದಷ್ಟೇ ಅವನ ಕಿವಿಗೆ ಬಿತ್ತು. ಇನ್ನಷ್ಟು ಇಳಿಯಿತು. ಒಂದು ಸಣ್ಣ ಷರತ್ತು ಎಂದರು ಹಾಜಿ. ಅದೇನು ಮಹಾ, ನಮ್ಮ ತ್ರಿಯೋನೊ ದೇವರಂಥವನು ಎಂದರು ರುಸ್ದಿ.

ಮಸೀದಿಯ ನಗಾರಿ ಮೊಳಗಿತು. ತ್ರಿಯೋನೊ ಖರ್ಜೂರ ಬಾಯಿಗಿಟ್ಟ. ಹಾಜಿಯವರು ಕೈ ಚಾಚಿದರು, ಅವನು ಕುಲುಕಿದ. ಎರಡು ಬಟ್ಟಲು ಕೋಲಕ್ ಮುಗಿಸಿ, ಫೋನಿನಲ್ಲೇ ಮುಂಗಡ ಕಳಿಸಿದ. ಬೆಳಗಿನಿಂದ ಮೊದಲ ಸಲ ಅವನಿಗೆ ಸುಖವಾಯಿತು. ರುಸ್ದಿಯವರ ಮೇಲೂ ಪ್ರೀತಿ ಉಕ್ಕಿತು. ನಿಂಗ್ಸಿ ಅಂಗಳದಲ್ಲಿ ಇಳಿಯುವುದು, ಹೊಸ ಜರತಾರಿ ಶಾಲನ್ನು ಸರಿಮಾಡಿಕೊಳ್ಳುವುದು, ಎಲ್ಲ ಕಣ್ಣಿಗೆ ಕಟ್ಟಿತು. ಕೀಲಿಗೆ ಕೈ ಚಾಚಿದ.

ಹಾಜಿಯವರು ಕೀಲಿ ಕೊಡಲಿಲ್ಲ. "ಹಬ್ಬ ಆದ್ಮೇಲಿನ ವಾರ ಬನ್ನಿ ಮಗಾ. ಷರತ್ತು ಹೇಳಿದ್ನಲ್ಲ. ಈ ಗಾಡಿನ ಲೆಬಾರಾನ್‌ಗೆ ಒಬ್ರು ಬಾಡಿಗೆಗೆ ತಗೋತಾರೆ, ಪ್ರತಿ ವರ್ಷ. ಈ ವರ್ಷದ್ದೂ ಮಾತು ಕೊಟ್ಟಾಗಿದೆ. ರಂಜಾನ್ ತಿಂಗಳಲ್ಲಿ ಮಾತು ತಪ್ಪೋದು ಹೆಂಗೆ? ಅದಕ್ಕೇ ತಾನೇ ಇಷ್ಟು ಇಳಿಸಿದ್ದು."

ತ್ರಿಯೋನೊ ರುಸ್ದಿಯವರನ್ನು ನೋಡಿದ. ಅವರು ಸಾಧನೆ ಮಾಡಿದವರ ಹಾಗೆ ಮೀಸೆ ಒರೆಸಿಕೊಂಡರು. "ಅಷ್ಟು ಇಳಿಸಿಕೊಟ್ಟಿದೀನಿ. ಒಂದೆರಡು ವಾರ ತಡ ಆದ್ರೆ ಗಾಡಿಯೇನು ಹಳಸಿ ಹೋಗುತ್ತಾ?"

ಹಬ್ಬಕ್ಕೆಂದೇ ಅಲ್ಲವೇ ಗಾಡಿ ಎಂದು ಕೂಗಬೇಕೆನ್ನಿಸಿತು. ಆದರೆ ಕೈ ಕುಲುಕಿಯಾಗಿತ್ತು, ಮುಂಗಡ ಹೋಗಿತ್ತು, ಆ ಮನೆಯ ಕೋಲಕ್ ಹೊಟ್ಟೆಯಲ್ಲಿತ್ತು. ಉಪವಾಸ ಬಿಡಿಸಿದವರ ಜಗಲಿಯಲ್ಲಿ ಕೂತು ಜಗಳವಾಡಿದವನನ್ನು ಬೆಕಾಸಿಯಲ್ಲಿ ಯಾರೂ ಮನುಷ್ಯನೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೂ ತ್ರಿಯೋನೊ ಜೀವಮಾನದಲ್ಲೇ ಮೊದಲ ಬಾರಿಗೆ ಧೈರ್ಯ ಮಾಡಿ, ಆ ಬಾಡಿಗೆಯವರನ್ನು ಒಂದು ಮಾತು ಕೇಳಿನೋಡಬಹುದೇ ಎಂದ. ಬಿಟ್ಟುಕೊಟ್ಟರೆ ಪುಣ್ಯ ಬರುತ್ತದೆ ಎಂದೂ ಸೇರಿಸಿದ. ಹಾಜಿ ಒಳ್ಳೆಯ ಮನುಷ್ಯ. ಒಡನೆ ಫೋನು ಹಚ್ಚಿ, ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿ, ನಡುವೆ ಇಟ್ಟರು.

"ಹಲೋ, ಕುಂಚೊರೊ ಮಾತಾಡ್ತಿರೋದು."

ಆ ದನಿಯನ್ನು ತ್ರಿಯೋನೊ ಪ್ರತಿ ಹಬ್ಬದಲ್ಲೂ ತಲೆ ತಗ್ಗಿಸಿಕೊಂಡು ಕೇಳಿದ್ದ. ಈಗಲೂ ತಾನೇ ತಾನಾಗಿ ತಲೆ ತಗ್ಗಿತು.

ಹಾಜಿ ವಿಷಯ ಹೇಳಿದರು.  ಫೋನಿನ ದನಿ ಕರಗಿತು. ಹಾಗೆ ಮಾಡಬೇಡಿ ಹಾಜಿ, ಮಾವನ ಮನೆಯಲ್ಲಿ ಎಲ್ಲರೂ ಅದು ನನ್ನದೇ ಗಾಡಿ ಅಂದುಕೊಂಡಿದ್ದಾರೆ, ನನ್ನ ಹೆಂಡತಿ ತನ್ನ ಅಮ್ಮನಿಗೆ ಹಾಗೇ ಹೇಳಿದ್ದಾಳೆ, ಈಗ ಬಸ್ಸಲ್ಲಿ ಹೋದರೆ ಅವಳು ಬಾವಿ ನೋಡಿಕೊಳ್ಳುತ್ತಾಳೆ ಎಂದಿತು. ಮತ್ತೆ ಸ್ವಲ್ಪ ಗಟ್ಟಿಯಾಗಿ, "ಅಲ್ಲೊಬ್ಬ ನನ್ನ ಷಡ್ಡಕ ಇದ್ದಾನೆ. ನನ್ನ ನೋಡಿ ಕಲಿಯೋನು. ಅವನ ಮುಂದೆ ಮರ್ಯಾದೆ ಹೋಗ್ಬಾರ್ದು ನೋಡಿ. ಹೊಸ ಮಾಲೀಕರು ಅಲ್ಲೇ ಇದ್ರೆ ಕೊಡಿ, ನಾನೇ ಕೇಳ್ಕೋತೀನಿ."

ಹಾಜಿ ಫೋನನ್ನು ಹೊಸ ಮಾಲೀಕನತ್ತ ತಳ್ಳಿದರು. ತ್ರಿಯೋನೊ ಅದನ್ನು ಹಾವಿನಂತೆ ನೋಡಿದ. ಬಾಯಿ ಬಿಟ್ಟರೆ ಷಡ್ಡಕನ ಮಾನ ಹೋಗುತ್ತದೆ. ಅದು ಹೋದರೆ ಅವನಿಗೇನೂ ನಷ್ಟವಿರಲಿಲ್ಲ, ಸಂತೋಷವೇ. ಆದರೆ ಜೊತೆಗೆ ಅತ್ತಿಗೆಯ ಮಾನವೂ ಹೋಗುತ್ತದೆ. ಅಕ್ಕನೆಂದರೆ ನಿಂಗ್ಸಿಗೆ ಪ್ರಾಣ. ಅವನು ಎರಡೂ ಕೈಯಾಡಿಸಿ ಬೇಡವೆಂದ. ನಮ್ಮವರು ಬಹಳ ಸಂಕೋಚದ ಮನುಷ್ಯರು ಎನ್ನುತ್ತ ರುಸ್ದಿಯವರು ಫೋನಿಗೆ ಬಾಯಿ ಕೊಟ್ಟರು. ಗಾಡಿ ತಮ್ಮದೆಂದೇ ತಿಳಿದುಕೊಳ್ಳಿ, ನಿಶ್ಚಿಂತೆಯಿಂದ ಹೋಗಿಬನ್ನಿ ಎಂದರು. ಕಡಿಮೆ ಮಾಡುವುದು ಅಭ್ಯಾಸವಾಗಿಬಿಟ್ಟಿತ್ತೋ ಏನೋ, ಕೇಳದೆಯೇ ಬಾಡಿಗೆಯಲ್ಲೂ ಸ್ವಲ್ಪ ಇಳಿಸಿದರು.

ಟ್ಯಾಕ್ಸಿಯಲ್ಲಿ ವಾಪಸು ಬರುವಾಗ ಇಬ್ಬರೂ ನೆರೆಯವರು ತೃಪ್ತಿಯಿಂದ ತೂಕಡಿಸಿದರು. ದಿಬ್ಬಣಕ್ಕೆ ಗಾಡಿ ಸರಿಯಾಗಿ ಸಿಗುತ್ತದೆ ಎಂದು ಬು ಮುರ್ನಿ ನಿದ್ದೆಯಲ್ಲೂ ಗೊಣಗಿದರು.

ನಿಂಗ್ಸಿ ಗೇಟಿನ ಬಳಿ ನಿಂತಿದ್ದಳು. ಗಂಡನ ಹಿಂದೆ ಗಾಡಿ ಹುಡುಕಿದಳು. ತ್ರಿಯೋನೊ ಅರ್ಧ ಸತ್ಯ ಹೇಳಿದ: ಗಾಡಿ ನಿಗದಿಯಾಗಿದೆ, ಕರಿ ಬಣ್ಣದ್ದು, ಬಹಳ ಚೆನ್ನಾಗಿದೆ, ಕೈಗೆ ಸಿಗುವುದು ಮಾತ್ರ ಹಬ್ಬ ಮುಗಿದ ಮೇಲೆ.  ಅವಳು ಬರಿಗೈಯ ಮಣಿಕಟ್ಟನ್ನು ಒಮ್ಮೆ ಸವರಿಕೊಂಡಳು. ಬೈದಿದ್ದರೆ ತ್ರಿಯೋನೊನಿಗೆ ಹಗುರವಾಗುತ್ತಿತ್ತು.

"ಹೋಗ್ಲಿ ಬಿಡಿ, ನಾವು ಬಸ್ಸಲ್ಲೇ ಹೋಗೋಣ. ಅತ್ತೆಗೂ ಮಕ್ಕಳಿಗೂ ಮಾತ್ರ ಅಕ್ಕನ ಗಾಡೀಲಿ ಜಾಗ ಕೇಳ್ತೀನಿ," ಎಂದಳು. ಬೇಡ ಎನ್ನಲು ಅವನು ಬಾಯಿ ತೆರೆಯುವ ಮೊದಲೇ ಫೋನು ಹಿಡಿದು ಒಳಗೆ ಹೋದಳು.

ಮರಳಿ ಬಂದಾಗ ಅವಳ ಮುಖ ಕೆಂಪಾಗಿತ್ತು. "ಜಾಗ ಇಲ್ವಂತೆ. ಸೀಟಿನ ಬಟ್ಟೆ ಹಾಳಾಗುತ್ತಂತೆ. ಭಾವ ಫೋನ್ ಕಿತ್ಕೊಂಡು ನಿಮಗೆ ಹೇಳು ಅಂದ್ರು, 'ಸ್ವಂತ ಗಾಡಿ ಅಂತ ಒಂದು ಇಟ್ಕೊಂಡು ನೋಡ್ಲಿ ನಿನ್ನ ಗಂಡ, ಆಗ ಗೊತ್ತಾಗುತ್ತೆ ನನ್ನ ಕಷ್ಟ' ಅಂತ."

"ಗೊತ್ತಾಯ್ತು ಅಂತ ಹೇಳು," ಎಂದು ತ್ರಿಯೋನೊ ಬಸ್ ಟಿಕೇಟಿನ ಸಾಲಿನಲ್ಲಿ ನಿಲ್ಲಲು ಹೊರಟ.