ದಾರಿ ಬಿಡಿಸುವವನ ಬಾಯಿ

ನನಗೆ ಬಾಯಿ ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ದೂರುತ್ತಾರೆ. ಒಪ್ಪಿಕೊಳ್ಳುತ್ತೇನೆ. ಆದರೆ ಹನ್ನೆರಡು ವರ್ಷ ಮಳವಳ್ಳಿಯಿಂದ ಮಂಡ್ಯಕ್ಕೆ ಆಂಬುಲೆನ್ಸ್ ಓಡಿಸಿದ ಮೇಲೂ ಬಾಯಿ ಮುಚ್ಚಿಕೊಂಡಿರುವವನು ಇದ್ದರೆ ಅವನಿಗೆ ನಾನೇ ಹಾರ ಹಾಕುತ್ತೇನೆ. ನಮ್ಮ ಕಡೆಯ ಜನಕ್ಕೆ ಸೈರನ್ ಎಂದರೆ ದಾರಿ ಬಿಡಿ ಎಂದಲ್ಲ, ತಿರುಗಿ ನೋಡಿ ಎಂದು. ನೋಡಿದರೂ ಸಾಲದು, ವಿಚಾರಿಸಬೇಕು. ಸ್ಕೂಟರಿನವನು ನನ್ನ ಕಿಟಕಿಯ ಪಕ್ಕಕ್ಕೇ ಬಂದು, "ಯಾರಣ್ಣ ಒಳ್ಗಡೆ? ಯಾವೂರು?" ಎನ್ನುತ್ತಾನೆ. ಬಂಡೂರು ಎಂದರೆ, "ಬಂಡೂರಲ್ಲಿ ಯಾರ್ ಮನೆಯೋರು?" ಎಂದು ಮುಂದುವರಿಯುತ್ತಾನೆ. ನೆಂಟಸ್ತಿಕೆ ಸಿಕ್ಕಿದರೆ ದಾರಿ, ಇಲ್ಲದಿದ್ದರೆ ಇನ್ನೊಂದು ಪ್ರಶ್ನೆ. ಕಬ್ಬಿನ ಟ್ರ್ಯಾಕ್ಟರಿನವನಂತೂ ಕಿವಿ ಕಿತ್ತುಹೋಗುವ ಹಾಗೆ ಹಾಡು ಹಾಕಿಕೊಂಡು, ನನ್ನ ಸೈರನ್ನೂ ಅದರದೇ ಭಾಗವೆಂದುಕೊಂಡು ತಲೆದೂಗುತ್ತಾನೆ.

ಹೋದ ತಿಂಗಳು ಬಂಡೂರಿನ ಒಬ್ಬ ಚೊಚ್ಚಲ ಬಸುರಿಯನ್ನು ಮಂಡ್ಯಕ್ಕೆ ಕರೆದೊಯ್ಯುತ್ತಿದ್ದೆ. ಮಗುವಿನ ಎದೆಬಡಿತ ಇಳಿಯುತ್ತಿದೆ, ಎಲ್ಲೂ ತಡ ಮಾಡಬೇಡ ಎಂದು ಮಳವಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದರು. ಅವಳು ಹಿಂದೆ ನರಳಿದಾಗಲೆಲ್ಲ ನಾನು ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತಿದ್ದೆ. ಮದ್ದೂರು ಪೇಟೆಯಲ್ಲಿ ಬೈಕಿನವನೊಬ್ಬ ನಡುರಸ್ತೆ ಹಿಡಿದ. ಹೆಲ್ಮೆಟ್ಟಿನೊಳಗೆ ಮೊಬೈಲು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತ ಯಾರಿಗೋ ಸಮಜಾಯಿಷಿ ಕೊಡುತ್ತಿದ್ದ. ಹಾರನ್ ಒತ್ತಿದೆ, ಲೈಟು ಮಿಣುಕಿಸಿದೆ. ಮಹಾರಾಯ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಎದುರಿನಿಂದ ಬಸ್ಸು ಬರುತ್ತಿತ್ತು, ನುಗ್ಗಿಸುವ ಹಾಗೂ ಇರಲಿಲ್ಲ.

ಹಿಂದೆ ಬಸುರಿಯ ತಾಯಿ ಸಿದ್ದಮ್ಮನೂ ಫೋನಿನಲ್ಲೇ ಇದ್ದರು. ಸ್ಪೀಕರ್ ಹಾಕಿಕೊಂಡು, "ಎಲ್ಲಿದ್ದೀರಿ ಅಳಿಮಯ್ಯ?" ಎಂದು ಕೂಗಿದರು.

"ಮದ್ದೂರಲ್ಲಿವ್ನಿ ಕಣತ್ತೆ, ನಿಮ್ಗಿಂತ ಮುಂಚೆ ಆಸ್ಪತ್ರೇಲಿರ್ತೀನಿ. ವಸಿ ಜೋರಾಗಿ ಮಾತಾಡಿ, ಇಂದ್ಗಡೆ ಯಾವನೋ ಆಂಬುಲೆನ್ಸ್‌ನೋನು ಒಂದೇ ಸಮ ಬಡ್ಕತಾವ್ನೆ!"

ನಾನು ಸೈರನ್ ನಿಲ್ಲಿಸಿದೆ.

"ಆಂ, ಈಗ ಕೇಳುಸ್ತು" ಎಂದಿತು ಫೋನು.

ತಾಯಿ ಮಗು ಇಬ್ಬರೂ ಈಗ ಚೆನ್ನಾಗಿದ್ದಾರೆ, ಹೆದರಬೇಡಿ. ಇನ್ನು ಹೇಳುವುದು ನನ್ನ ಮರ್ಯಾದೆಯ ವಿಷಯ. ಬಸ್ಸು ದಾಟಿತು, ಅಂಗಡಿಯವರು ಕೂಗಾಡಿ ಬೈಕನ್ನು ಪಕ್ಕಕ್ಕೆ ತಳ್ಳಿಸಿದರು. ಸುಮ್ಮನೆ ಹೋಗಬೇಕಿತ್ತು ತಾನೆ? ಪಿತ್ತ ನೆತ್ತಿಗೇರಿತ್ತು. ಗಾಡಿ ನಿಲ್ಲಿಸಿ ಇಳಿದೇಬಿಟ್ಟೆ. "ಲೇ, ಒಳ್ಗಿರೋಳು ನಿನ್ನೆಂಡ್ತಿ ಕಣ್ಲಾ!" ಎಂದು ಶುರು ಮಾಡಿ, ಮೊಬೈಲಿಗೆ ಬಂದು, ಹೆಲ್ಮೆಟ್ಟಿಗೆ ಬಂದು, ಅವನನ್ನು ಸಾಕಿದವರ ತನಕ ಹೋದೆ. ಜನ ಸೇರಿದರು. ನನಗೂ ಹುರುಪು ಬಂತು. ರಸ್ತೆಯ ಶಿಸ್ತು ಎಂದರೇನು ಎಂದು ಬಿಡಿಸಿ ಹೇಳುತ್ತಿದ್ದೆ.

ಆಗ ಒಳಗಿನಿಂದ ಆ ಹುಡುಗಿ ಹಲ್ಲು ಕಚ್ಚಿಕೊಂಡು ಕಿರುಚಿದಳು: "ಅಣ್ಣಾ, ನನ್ ಗಂಡನ್ನ ನಾನೇ ಬೈಕತೀನಿ ಬುಡು, ನೀನ್ ಮೊದ್ಲು ಗಾಡಿ ಓಡ್ಸು!"

ತಿರುಗಿ ನೋಡಿದೆ. ಬಸ್ಸು, ಆಟೋ, ಕಬ್ಬಿನ ಗಾಡಿ, ಇಡೀ ಮದ್ದೂರೇ ದಾರಿ ಬಿಟ್ಟು ನಿಂತಿತ್ತು. ಅಡ್ಡ ನಿಂತಿದ್ದದ್ದು ನನ್ನ ಆಂಬುಲೆನ್ಸ್ ಒಂದೇ.