ಅಡಿಟಿಪ್ಪಣಿ ಅತ್ತಿಗೆ

ನಮ್ಮ ಅತ್ತಿಗೆ ಈ ಜನ್ಮದಲ್ಲಿ ಸ್ವಂತದ್ದು ಅಂತ ಒಂದು ಮಾತೂ ಆಡಿದವರಲ್ಲ! ಹಾಗಂತ ಅವರನ್ನು ಮೌನಗೌರಿ ಎಂದುಕೊಳ್ಳಬೇಡಿ. ಬಾಣಸವಾಡಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಕುಕ್ಕರ್ ಕೂಗುವ ಮೊದಲೇ ಕೇಳಿಸುವುದು ಅವರ ದನಿ. ಆದರೆ ಅವರ ಪ್ರತಿ ಮಾತಿಗೂ ಬೇರೆ ಯಾರೋ ವಾರಸುದಾರರಿರುತ್ತಾರೆ.

"ಛತ್ರಿ ತಗೊಂಡ್ಹೋಗೇ. ಸಾಯಂಕಾಲ ಮಳೆಯಂತೆ. ಮಹಡಿ ಮನೆ ಆಂಟಿ ಹೇಳಿದ್ರು. ಅವರಿಗೆ ಅವರ ಮೊಣಕಾಲು ಹೇಳಿತಂತೆ."

ಮೂಲ ಮೊಣಕಾಲು ಎಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಧೈರ್ಯ ಟೀವಿಯವರಿಗುಂಟೆ?

ಇಂಥವರು, ಮಗ ಕಾಲೇಜು ಮೆಟ್ಟಿಲು ಹತ್ತಿದ ಮೇಲೆ, ದೂರಶಿಕ್ಷಣದಲ್ಲಿ ಇತಿಹಾಸದ ಎಂ.ಎ. ಸೇರಿಬಿಟ್ಟರು! ಕೊನೆಯ ವರ್ಷ ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ಅತ್ತಿಗೆ ಆರಿಸಿಕೊಂಡದ್ದು ತಮ್ಮ ತವರು ದೊಮ್ಮಲೂರನ್ನು. ಹಳ್ಳಿಯಾಗಿದ್ದ ಅದು ನಗರದೊಳಗೆ ಕರಗಿಹೋದ ಕಥೆ. ಗೈಡ್ ಮೇಷ್ಟ್ರು ಮೊದಲ ದಿನವೇ ಹೇಳಿದರಂತೆ, ಬರೆಯುವ ಪ್ರತಿ ಸಂಗತಿಗೂ ಆಕರ ಕೊಡಬೇಕು. ಪುಸ್ತಕವಾದರೆ ಲೇಖಕ, ವರ್ಷ, ಪುಟ. ಬಾಯಿಮಾತಾದರೆ ಹೇಳಿದವರ ಹೆಸರು, ಕೆಲಸ, ಊರು, ದಿನ. ಉಳಿದ ವಿದ್ಯಾರ್ಥಿಗಳಿಗೆ ತಲೆನೋವು, ನಮ್ಮ ಅತ್ತಿಗೆಗೆ ಹಬ್ಬ! ಇಷ್ಟು ವರ್ಷ ಪುಕ್ಕಟೆ ಮಾಡಿಕೊಂಡು ಬಂದ ಕೆಲಸಕ್ಕೆ ಯಾರೋ ಅಂಕ ಕೊಡುತ್ತೇವೆ ಎಂದರೆ ಬಿಡುತ್ತಾರೆಯೇ?

ಮನೆಗೆ ಬಂದ ಮದುವೆ ಪತ್ರಿಕೆಗಳನ್ನೆಲ್ಲ ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಆಕರ ಬರೆಯತೊಡಗಿದರು. ಒಂದು ಬದಿಗೆ 'ಸಕುಟುಂಬ ಸಮೇತರಾಗಿ ಆಗಮಿಸಿ'. ಇನ್ನೊಂದು ಬದಿಗೆ 'ಪುಟ ನಲವತ್ತೆರಡು, ಕೆಳಗಿನಿಂದ ಮೂರನೇ ಸಾಲು.' ಒಂದು ಭಾನುವಾರ ಅಣ್ಣ ಗರಿಗರಿ ಅಂಗಿ ತೊಟ್ಟು ಮದುವೆಗೆ ಹೊರಟರೆ, ಛತ್ರದ ವಿಳಾಸವಿದ್ದ ಅರ್ಧ ಪತ್ರಿಕೆ ದೊಮ್ಮಲೂರಿನ ಕೆರೆ, ಬಾವಿಗಳ ಟಿಪ್ಪಣಿಯ ಪಾಲಾಗಿತ್ತು. ಪಾಪ, ಅವತ್ತು ಮನೆಯಲ್ಲೇ ತಿಳಿಸಾರು ಉಂಡ.

ರಸೆಲ್ ಮಾರುಕಟ್ಟೆಗೆ ಅವರ ಜೊತೆ ಹೋಗುವುದಂತೂ ಬೇಡವೇ ಬೇಡ. ಮಾವಿನಹಣ್ಣಿನ ಸಾಬರು ವಾಡಿಕೆಯಂತೆ ಕೂಗಿದರು, "ಬನ್ನಿ ಅಕ್ಕಾ, ಶಕ್ಕರ್ ಇದು, ಶಕ್ಕರ್!"

"ಇದು ನೀವೇ ತಿಂದು ಹೇಳ್ತಿರೋದಾ, ಯಾರಾದ್ರೂ ಹೇಳಿದ್ದಾ?" ಅತ್ತಿಗೆ ಬ್ಯಾಗಿನಿಂದ ಪೆನ್ನು ತೆಗೆದರು.

"ನಾನೇ ತಿಂದಿದ್ದು ಅಕ್ಕಾ!"

"ಯಾವತ್ತು?"

ಸಾಬರು ನನ್ನ ಮುಖ ನೋಡಿದರು. ನಾನು ಪಕ್ಕದ ಕೊತ್ತಂಬರಿ ಸೊಪ್ಪನ್ನು ನೋಡಿದೆ. ಕೊನೆಗೆ ಅವರು ಒಂದು ಹಣ್ಣು ಕೊಯ್ದು, ನಮ್ಮೆದುರೇ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು, "ಬರ್ಕೊಳ್ಳಿ ಅಕ್ಕಾ. ಇವತ್ತು, ಇಲ್ಲೇ. ಅಷ್ಟೇನೂ ಶಕ್ಕರ್ ಇಲ್ಲ ಅಂತಾನೂ ಬರ್ಕೊಳ್ಳಿ." ಇಂಥ ಆಕರದ ಮೇಲೆ ಅತ್ತಿಗೆಗೆ ಅಪಾರ ಗೌರವ ಹುಟ್ಟಿ, ಒಂದು ಬುಟ್ಟಿ ಹುಳಿ ಮಾವಿನಹಣ್ಣು ನಮ್ಮ ಮನೆಗೆ ಬಂತು.

ಇನ್ನು ನನ್ನನ್ನು ನೋಡಲು ಇಂದಿರಾನಗರದಿಂದ ಹುಡುಗ ಬಂದ ದಿನ! ಹುಡುಗನ ತಾಯಿ ಉಪ್ಪಿಟ್ಟು ತಿನ್ನುತ್ತಾ, "ನಮ್ಮ ಹುಡುಗನಿಗೆ ಕೋಪ ಅಂದ್ರೇನು ಅಂತಾನೇ ಗೊತ್ತಿಲ್ಲ" ಎಂದರು.

"ಹತ್ತಿರದವರ ಹೇಳಿಕೆ ಒಂದೇ ಸಾಲದು ಅಂತ ನಮ್ಮ ಮೇಷ್ಟ್ರು ಹೇಳಿದಾರೆ. ಇನ್ನೊಂದು ಆಕರ ಇದೆಯಾ?" ಎಂದು ಅತ್ತಿಗೆ ವಿನಯದಿಂದಲೇ ಕೇಳಿದರು.

ಕೋಪವೆಂದರೇನೆಂದು ತಿಳಿಯದ ಹುಡುಗ, "ಏಳಮ್ಮಾ, ಸಾಕು ಇವರ ಸಹವಾಸ!" ಎಂದು ಗುಡುಗಿ, ಗೇಟು ಅದುರುವಂತೆ ಎಳೆದುಕೊಂಡು ಹೋದ. "ನೋಡಿದ್ಯಾ? ಎರಡನೇ ಆಕರ ಸಿಕ್ತು" ಎಂದರು ಅತ್ತಿಗೆ. ಅವರಿಗೆ ನಾನು ಇಂದಿಗೂ ಋಣಿ.

ಹೀಗೆ ಪ್ರಬಂಧ ಮುಗಿಯಿತು. ಹಳೆ ಪತ್ರಿಕೆ, ಪುಸ್ತಕ, ಟೀ ಅಂಗಡಿಯವರು, ನಿವೃತ್ತ ಕಂಡಕ್ಟರು, ಎಲ್ಲರಿಗೂ ಅಡಿಟಿಪ್ಪಣಿಯಲ್ಲಿ ಜಾಗ. ಅದನ್ನು ಒಪ್ಪಿಸಲು ಹೋದ ಅತ್ತಿಗೆ ಮುಖ ಸಣ್ಣದು ಮಾಡಿಕೊಂಡು ಹಿಂತಿರುಗಿದರು. ಮೇಷ್ಟ್ರು ಹಾಳೆ ಹಾಳೆ ಮಗುಚಿ, "ಎಲ್ಲಾ ಬೇರೆಯವರ ಮಾತಾಯ್ತಲ್ಲಮ್ಮಾ, ನಿಮ್ಮ ಮಾತು ಎಲ್ಲಿ? ಅದಿಲ್ಲದೆ ಪಾಸು ಮಾಡಕ್ಕಾಗಲ್ಲ" ಎಂದು ವಾಪಸು ಕೊಟ್ಟಿದ್ದರಂತೆ. ಈ ವರ್ಷ ಮುಗಿಯದಿದ್ದರೆ ಓದು ಸಾಕು ಎಂದು ಅಣ್ಣ ಮೊದಲೇ ಹೇಳಿದ್ದ.

ಅತ್ತಿಗೆ ಊಟದ ಮೇಜಿನ ಮೇಲೆ ಪ್ರಬಂಧ ಹರಡಿಕೊಂಡು ಕೂತರು. ನಾನು ಗೇಲಿ ಮಾಡುತ್ತಲೇ ಹೇಳಿದೆ, "ನಿಮಗೆ ಅನ್ನಿಸಿದ್ದು ಒಂದು ಸಾಲು ಬರೀರಿ ಅತ್ತಿಗೆ. ಅದಕ್ಕೇನಂತೆ?"

"ನಂಗನ್ನಿಸಿದ್ದನ್ನ ಯಾರು ಒಪ್ತಾರೆ? ನಿಮ್ಮನೇಲಿ ಒಪ್ಪಿದ್ರಾ?" ಅವರು ನಗುತ್ತಲೇ ಕೇಳಿದರು. "ಹೊಸದರಲ್ಲಿ ಟ್ಯಾಂಕ್ ಸೋರ್ತಿದೆ ಅಂದೆ. ಮಾವ ಪೇಪರಿಂದ ತಲೆ ಎತ್ಲಿಲ್ಲ. ನಿಮ್ಮಣ್ಣ ನೀನು ಸುಮ್ನಿರು ಅಂದ್ರು. ಮಾರನೇ ದಿನ, ಪ್ಲಂಬರ್ ಹೇಳಿದಾನೆ ಅಂದೆ. ಇಬ್ರೂ ಏಣಿ ಹಿಡ್ಕೊಂಡು ಓಡಿದ್ರು! ಪ್ಲಂಬರ್ ಬಂದೇ ಇರ್ಲಿಲ್ಲ ಕಣೇ. ಆವತ್ತಿಂದ ನನ್ನ ಮಾತಿಗೆ ಯಾರದಾದ್ರೂ ಹೆಸರು ಸೇರಿಸ್ಕೊಂಡೇ ಬಂದೆ."

ಇಷ್ಟು ವರ್ಷ ನಾವೆಲ್ಲ ನೆಂಟರಿಷ್ಟರೆದುರು ಹೇಳಿಕೊಂಡು ನಕ್ಕದ್ದು ಇದಕ್ಕೇ! ನನಗೆ ನಗು ಬರಲಿಲ್ಲ, ಸಂಕಟವಾಯಿತು.

ಮುಂದಿನ ವಾರ ಸ್ಕೂಟರಿನಲ್ಲಿ ನಾನೇ ಅವರನ್ನು ಶಿವಾಜಿನಗರದ ಅಧ್ಯಯನ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಮೇಷ್ಟ್ರು ಹೊಸದಾಗಿ ಸೇರಿಸಿದ ಸಾಲಿಗೆ ಬಂದು ನಿಂತರು. ಗಟ್ಟಿಯಾಗಿ ಓದಿದರು, "'ಮನೆಮನೆಗೆ ನಲ್ಲಿ ಬಂದ ಮೇಲೆ ನಮ್ಮ ಬೀದಿಯ ಹೆಣ್ಣುಮಕ್ಕಳಿಗೆ ಹೊರಗೆ ಹೋಗಲು ಕಾರಣವೇ ಇಲ್ಲದಂತಾಯಿತು.' ಅಲ್ಲಮ್ಮಾ, ನಲ್ಲಿಯಿಂದ ಅನುಕೂಲ ಆಯ್ತು ಅಂತಲೇ ಎಲ್ಲರೂ ಬರೆದಿದ್ದಾರೆ. ಇದಕ್ಕೆ ಆಕರ ಯಾವುದು?"

ಅತ್ತಿಗೆಯ ಕೈ ಸೆರಗಿನ ತುದಿ ಹಿಡಿದುಕೊಂಡಿತು. ಯಾರದೋ ಹೆಸರು ಹೇಳಿಬಿಡುತ್ತಾರೆ ಎಂದುಕೊಂಡೆ.

"ನಾನು ಸಾರ್" ಎಂದರು. "ನಲ್ಲಿ ಬಂದಾಗ ಮನೆಯವರೆಲ್ಲಾ ಸಿಹಿ ಹಂಚಿದ್ರು. ನನ್ನ ಬಿಂದಿಗೆ ಅಟ್ಟ ಸೇರ್ತು. ಬೀದಿ ನಲ್ಲಿ ಹತ್ರ ನನ್ನ ಜೊತೆ ಕ್ಯೂ ನಿಲ್ತಿದ್ದ ಗೆಳತಿಯರನ್ನ ಆಮೇಲೆ ನೋಡಿದ್ದು ಅವರ ಮದುವೆಗಳಲ್ಲೇ. ಯಾವ ಪುಸ್ತಕದಲ್ಲೂ ಇಲ್ಲ ಸಾರ್ ಇದು. ನಂಗೆ ಗೊತ್ತು."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಿದ್ರೆ ಆಕರಗಳ ಪಟ್ಟಿಯಲ್ಲಿ ನಿಮ್ಮ ಹೆಸರೂ ಬರಬೇಕು. ಸೇರಿಸಿ ಕೊಡಿ, ತಗೋತೀನಿ."

ಅತ್ತಿಗೆ ಅಲ್ಲೇ ಬಗ್ಗಿ ನಿಂತು ಹೆಸರು ಬರೆದರು. ಕೆಲಸ ಎನ್ನುವ ಕಡೆ ಪೆನ್ನು ತಡೆಯಿತು. ಗೃಹಿಣಿ ಅಂತ ಬರೀರಿ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. 'ನೀರು ತರುತ್ತಿದ್ದವಳು, ದೊಮ್ಮಲೂರು' ಎಂದು ದುಂಡಗೆ ಬರೆದು ಹಾಳೆಯನ್ನು ಮೇಷ್ಟ್ರ ಕೈಗೆ ಕೊಟ್ಟರು. ಸರಿಯಿದೆಯಾ ಎಂದು ಯಾರನ್ನೂ ಕೇಳಲಿಲ್ಲ.